ನಾನು ನಿನಂಗ್ ಆಗಿದ್ದ ವರ್ಷ

ಬೀಕನ್ ಹಿಲ್‌ನ ಆ ಬೇಕರಿಯ ಬಾಗಿಲು ತಳ್ಳಿದ ಕೂಡಲೇ ನಮ್ಮೂರಿನ ಆಲೆಮನೆಯ ವಾಸನೆ ಮೂಗಿಗೆ ಬಂತು. ಹೊರಗೆ ಡಿಸೆಂಬರಿನ ಜಿಟಿಜಿಟಿ ಮಳೆ, ಮಧ್ಯಾಹ್ನಕ್ಕೇ ದೀಪ ಹಾಕಿಕೊಂಡು ಓಡುವ ಕಾರುಗಳು. ಒಳಗೆ ಕಾದ ಹೆಂಚಿನ ಮೇಲೆ ಕಪ್ಪು ಸಕ್ಕರೆ ಸೋರಿ ಅಂಚಿನಲ್ಲಿ ಸೀಯುತ್ತಿತ್ತು. ಈ ಬೀದಿಯ ಕಡೆ ಮುಖ ಹಾಕಬಾರದು ಎಂದು ಕೆಲವು ವರ್ಷ ಹಟ ಹಿಡಿದಿದ್ದವಳು ನಾನು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ವಾಪಸಾಗುವಾಗ, ಒಂದು ಕಾಫಿ ಕುಡಿದು ಹೋಗೋಣ ಎಂದು ನೆಪ ಹೇಳಿಕೊಂಡು ಅಲ್ಲೇ ಕಾರು ನಿಲ್ಲಿಸಿದೆ.

ಹಿಟ್ಟಿನ ಕಣಕದೊಳಗೆ ಬೆಲ್ಲದಂಥ ಸಕ್ಕರೆ ತುಂಬಿ, ಲಟ್ಟಿಸಿ, ಹೆಂಚಿನ ಮೇಲೆ ಬೇಯಿಸುವ ಆ ತಿಂಡಿಗೆ ಪಿಯಾಯ ಎಂದು ಹೆಸರು. ನಮ್ಮ ಒಬ್ಬಟ್ಟಿಗೆ ದೂರದ ನೆಂಟ. ಫಿಲಿಪೀನ್ಸಿನ ನೀಗ್ರೋಸ್ ಎನ್ನುವ ದ್ವೀಪದ ತಿಂಡಿ ಅದು. ಅಲ್ಲಿದ್ದ ಜನರ ಮೈಬಣ್ಣ ನೋಡಿ ಸ್ಪೇನಿನವರು ದ್ವೀಪಕ್ಕೆ ಆ ಹೆಸರಿಟ್ಟರು, ಆಮೇಲೆ ದ್ವೀಪದ ತುಂಬ ಕಬ್ಬು ಹಾಕಿಸಿದರು. ಇದೆಲ್ಲ ನನಗೆ ಗೊತ್ತಾದದ್ದು ಒಂದೇ ವರ್ಷದಲ್ಲಿ. ಮಂಡ್ಯದ ಕಾಲೇಜಿನಲ್ಲಿ ಹತ್ತು ವರ್ಷ ಇತಿಹಾಸ ಪಾಠ ಮಾಡಿದ್ದೆ. ನನ್ನ ಪಾಠದಲ್ಲಿ ಫಿಲಿಪೀನ್ಸ್ ಬರುತ್ತಿದ್ದುದು ಒಂದೇ ಸಾಲಿನಲ್ಲಿ, ಮೆಗಲನ್ ಸತ್ತ ಜಾಗ ಎಂದು. ಮಿಕ್ಕ ಮುನ್ನೂರು ವರ್ಷ ಸಿಲಬಸ್ಸಿನಲ್ಲಿ ಇರಲಿಲ್ಲ.

ಕೌಂಟರಿನ ಹಿಂದೆ ಟೀಟಾ ಕೋರಿ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು, ಗುರುತು ಹಿಡಿದರು, ನಗಲಿಲ್ಲ. ಮುಂದೆ ಇಬ್ಬರು ಗಿರಾಕಿಗಳಿದ್ದರು. ನಾನು ಸಾಲಿನಲ್ಲಿ ನಿಂತೆ.

ಅವರನ್ನು ಮೊದಲು ನೋಡಿದ್ದು ಅಮೆರಿಕದ ಸಮಾಮಿಶಿನ ನಮ್ಮ ಮನೆಯಲ್ಲಿ, ಒಂದು ಮಾರ್ಚ್ ಭಾನುವಾರ. ನನ್ನ ಗಂಡ ಪ್ರಕಾಶ್ ಬೆಲ್ವ್ಯೂನ ಒಂದು ಕಂಪನಿಯಲ್ಲಿ ಡೈರೆಕ್ಟರ್. ಅವರ ಕೈಕೆಳಗೆ ರೋಮೆಲ್ ಎನ್ನುವ ಫಿಲಿಪಿನೋ ಹುಡುಗನಿದ್ದ. ಮೂವತ್ತರ ಆಸುಪಾಸು, ಮಾತು ಕಮ್ಮಿ. ಆಫೀಸಿನಲ್ಲಿ ನಿನ್ನೆ ಸೇರಿದವರೂ ಪ್ರಕಾಶ್ ಎಂದು ಹೆಸರು ಹಿಡಿದು ಕರೆಯುತ್ತಿದ್ದಾಗ, ಅವನೊಬ್ಬನೇ 'ಸರ್' ಅನ್ನುತ್ತಿದ್ದ. "ಎಷ್ಟು ಸಂಸ್ಕಾರ ನೋಡು" ಎಂದು ಇವರು ಮನೆಗೆ ಬಂದು ಹೇಳುವರು. ಆ ಭಾನುವಾರ ಅವನು ಮದುವೆಯಾಗಲಿರುವ ಹುಡುಗಿ ಆ್ಯನಾಳನ್ನೂ, ತನ್ನನ್ನು ಸಾಕಿದ ಅತ್ತೆಯನ್ನೂ ಕರೆದುಕೊಂಡು ಬಂದ. ಟೀಟಾ ಅಂದರೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ. ಆಕೆಯ ಕೈಯಲ್ಲಿ ಬಿಸಿ ಪಿಯಾಯದ ಡಬ್ಬ ಇತ್ತು. ನಮ್ಮ ನಡುವಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ.

"ಸರ್, ನಮ್ಮ ಮದುವೆಗೆ ನೀವು ನಿನೊಂಗ್ ಆಗಬೇಕು. ಮೇಡಂ ನಿನಂಗ್ ಆಗಬೇಕು" ಅಂದ ರೋಮೆಲ್.

ನಾವು ಮುಖ ಮುಖ ನೋಡಿಕೊಂಡೆವು. ಟೀಟಾ ಕೋರಿ ಬಿಡಿಸಿ ಹೇಳಿದರು. "ದೇವರೆದುರಿಗೆ ತಂದೆ ತಾಯಿ ಇದ್ದ ಹಾಗೆ. ಇವನ ತಂದೆ ತಾಯಿ ಇಬ್ಬರೂ ಇಲ್ಲ. ನಾಳೆ ಇವನಿಗೆ ಕಷ್ಟ ಬಂದರೆ ಹಿಂದೆ ಯಾರೋ ಇದಾರೆ ಅಂತ ಜನಕ್ಕೆ ಗೊತ್ತಾಗಬೇಕು. ಅದಕ್ಕೆ ನಮ್ಮಲ್ಲಿ ದೊಡ್ಡವರನ್ನ ಕೇಳ್ತೀವಿ."

"ನಾವು ಹಿಂದೂಗಳು, ಆಗುತ್ತಾ?" ಅಂದೆ.

"ಪಾದ್ರಿಗಳನ್ನ ಕೇಳಿದೀವಿ. ಗೌರವಕ್ಕೆ ನಿಂತರೆ ಸಾಕು ಅಂದಿದಾರೆ."

ಗೌರವ ಎಂಬ ಮಾತು ಇವರ ಕಿವಿಗೆ ಬಿದ್ದದ್ದೇ ತಡ, ಮುಖ ಅರಳಿತು. ನನ್ನ ಗಂಡನಿಗೆ ಒಂದು ಕಾಯಿಲೆ ಇದೆ, ಮುಖ್ಯ ಅತಿಥಿಯಾಗುವ ಕಾಯಿಲೆ. ನಮ್ಮ ಕಡೆಯ ಜನ ಸಮಾಮಿಶಿನ ಈ ಪ್ರಸ್ಥಭೂಮಿಯ ಮೇಲೆ ಯಾವ ಹಬ್ಬ ಮಾಡಿದರೂ ದೀಪ ಬೆಳಗುವುದು ಇವರೇ. ಬೀರುವಿನಲ್ಲಿ ಸನ್ಮಾನದ ಶಾಲುಗಳ ರಾಶಿ, ಮೂರು ಮೈಸೂರು ಪೇಟ, ಗ್ಯಾರೇಜಿನ ತುಂಬ ಸ್ಮರಣಿಕೆ. ಹಿಂದೆ ಯಾರೋ ಇದಾರೆ ಎಂದು ಆ ಹೆಂಗಸು ಹೇಳಿದ್ದನ್ನು ಇವರು ಕೇಳಿಸಿಕೊಳ್ಳಲೇ ಇಲ್ಲ.

"ಖಂಡಿತ ಆಗ್ತೀವಿ. ಸ್ಟೇಜ್ ಇರುತ್ತಾ? ಎರಡು ಮಾತಾಡಬೇಕಾ?" ಎಂದು ಕೇಳಿದರು.

ರೋಮೆಲ್ ಎದ್ದು ಬಂದು ಇವರ ಬಲಗೈ ಹಿಡಿದು, ಬೆರಳಿನ ಹಿಂಬದಿಯನ್ನು ತನ್ನ ಹಣೆಗೆ ಒತ್ತಿಕೊಂಡ. ಆಮೇಲೆ ನನ್ನದನ್ನು. ಮಾನೊ ಅಂತಾರೆ ಅದಕ್ಕೆ. ಸ್ಪೇನಿನವರ ಮಾತಿನಲ್ಲಿ ಬರೀ ಕೈ ಎಂದು ಅರ್ಥ, ಇವರಲ್ಲಿ ದೊಡ್ಡವರ ಆಶೀರ್ವಾದ. ನಮ್ಮ ಕಾಲಿಗೆ ಬೀಳುವುದಕ್ಕಿಂತ ಚೆನ್ನಾಗಿದೆ, ಸೊಂಟ ಬಗ್ಗಿಸಬೇಕಾಗಿಲ್ಲ ಎಂದುಕೊಂಡೆ. ಆದರೂ ಹಣೆಯ ಬಿಸಿ ಕೈಗೆ ತಾಗಿದಾಗ ಒಂದು ಥರ ಆಯಿತು. ಈ ಹುಡುಗನಿಗೆ ನಾನು ಏನೋ ಮಾತು ಕೊಟ್ಟ ಹಾಗೆ.

ಅವರು ಹೋದ ಮೇಲೆ ಪಿಯಾಯ ತಿನ್ನುತ್ತ ಪ್ರಕಾಶ್ ಅಂದರು, "ನಮ್ಮ ಒಬ್ಬಟ್ಟೇ ಕಣೇ ಇದು. ತುಪ್ಪ ಹಾಕಿದ್ರೆ ಮುಗೀತು."

ಮೇ ತಿಂಗಳಲ್ಲಿ ಮದುವೆ. ಬೀದಿ ಬೀದಿಯಲ್ಲಿ ರೋಡೊಡೆಂಡ್ರನ್ ಬಿರಿದಿತ್ತು, ಮಳೆ ಬಿಡುವು ಕೊಟ್ಟಿತ್ತು. ಅನಾನಸ್ ನಾರಿನ ತೆಳು ಅಂಗಿಯೊಂದನ್ನು ಇವರಿಗೆ ಉಡುಗೊರೆ ಕೊಟ್ಟಿದ್ದರು. ಅದನ್ನು ತೊಟ್ಟು ಇವರು ಕನ್ನಡಿ ಬಿಟ್ಟು ಕದಲಲಿಲ್ಲ. ಚರ್ಚಿನಲ್ಲಿ ಜೋಡಿಯ ಹೆಗಲ ಮೇಲೆ ಒಂದೇ ಬಿಳಿ ಹಗ್ಗದ ಕುಣಿಕೆ ಹಾಕಿದರು, ನಮ್ಮಲ್ಲಿ ಸೆರಗಿಗೆ ಗಂಟು ಹಾಕುವ ಹಾಗೆ. ಊಟದ ಹೊತ್ತಿಗೆ ಇವರು ಮೈಕು ಕೇಳಿ ಇಸಿದುಕೊಂಡರು. ಎರಡು ಮಾತು ಹೋಗಿ ಇಪ್ಪತ್ತಾಯಿತು. "ರೋಮೆಲ್ ಈಸ್ ನಾಟ್ ಮೈ ಎಂಪ್ಲಾಯಿ, ಹಿ ಈಸ್ ಮೈ ಸನ್" ಎಂದು ಮುಗಿಸಿದಾಗ ಆ ಹಾಲಿನಲ್ಲಿದ್ದ ಮುದುಕಿಯರೆಲ್ಲ ಕಣ್ಣೊರೆಸಿಕೊಂಡರು. ಟೀಟಾ ಕೋರಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸಾಲಾಗಿ ಬಂದ ಹುಡುಗರೆಲ್ಲ ಇವರ ಕೈಯನ್ನು ಹಣೆಗೆ ಒತ್ತಿಕೊಂಡು ಹೋದರು. ಮೂರನೆಯವನ ಹೊತ್ತಿಗೆ ಇವರು ಕೈಯನ್ನು ಮಗುಚಿ, ಬೆರಳು ಸಡಿಲ ಬಿಟ್ಟು, ಸರಿಯಾದ ಎತ್ತರಕ್ಕೆ ಹಿಡಿಯುವುದನ್ನು ಕಲಿತುಬಿಟ್ಟಿದ್ದರು. ಫೋಟೊ ಅವತ್ತೇ ಕನ್ನಡದವರ ಗುಂಪಿಗೆ ಹೋಯಿತು. "ನಮ್ಮ ಫಿಲಿಪಿನೋ ಮಗ." ಅಭಿನಂದನೆಗಳು ಬಂದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಗಿ ನಗು ಬಂತು. ಆಗ ಇನ್ನೂ ನಗು ಬರುತ್ತಿತ್ತು.

ಆ ಬೇಸಿಗೆ ನಾನು ಟೀಟಾ ಕೋರಿಯ ಬೇಕರಿಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ನನಗೆ ವಾರಕ್ಕೆ ಮೂರು ದಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ, ಮಿಕ್ಕ ದಿನ ಖಾಲಿ. ಸಮಾಮಿಶಿನಲ್ಲಿ ಕಾರು ಹತ್ತದೆ ಒಂದು ಕೊತ್ತಂಬರಿ ಕಟ್ಟೂ ಸಿಗುವುದಿಲ್ಲ. ಹೇಗೂ ಹತ್ತಿದ ಮೇಲೆ ಇನ್ನಷ್ಟು ದೂರ ಹೋದರಾಯಿತು ಎಂದು ಬೀಕನ್ ಹಿಲ್ ತನಕ ಹೋಗಿಬಿಡುತ್ತಿದ್ದೆ. ಆಗಸ್ಟಿನಲ್ಲಿ ಪೂರ್ವದ ಕಾಡಿಗೆ ಬೆಂಕಿ ಬಿದ್ದು ಊರಿನ ಮೇಲೆಲ್ಲ ಹೊಗೆ ಕವಿದಿತ್ತು. ಸೂರ್ಯ ಕೆಂಪಗೆ ನೇತಾಡುತ್ತಿದ್ದ. ಬೇಕರಿಯ ಕಿಟಕಿ ಮುಚ್ಚುತ್ತ ಟೀಟಾ ಅಂದರು, "ಈ ಹೊಗೆ ಕಂಡರೆ ನನಗೆ ಕಬ್ಬು ಕಡಿಯೋ ಕಾಲ ನೆನಪಾಗುತ್ತೆ."

"ನಮಗೂ" ಅಂದೆ. "ಕಬ್ಬು ಕಡಿದ ಮೇಲೆ ಗದ್ದೇಲಿ ತರಗು ಸುಡ್ತೀವಿ. ನಮ್ಮದು ಕಬ್ಬಿನ ಊರು."

ಅವರು ತಿರುಗಿ ನೋಡಿದರು. "ಗದ್ದೆ ಯಾರದು?"

"ನಮ್ಮದೇ. ಸ್ವಲ್ಪವೇ ಇರೋದು."

"ನಿಮ್ಮದೇ?" ಎಂದು ಇನ್ನೊಂದು ಸಲ ಕೇಳಿದರು. ಕಬ್ಬು ಬೆಳೆಯುವವರಿಗೆ ಸ್ವಂತ ಗದ್ದೆ ಇರಬಹುದು ಎನ್ನುವುದು ಆಕೆಗೆ ಹೊಸ ಸುದ್ದಿ.

ಆಕೆಯ ಕಡೆಯ ಹಿರಿಯರು ಪಕ್ಕದ ದ್ವೀಪದಿಂದ ಕಬ್ಬಿನ ಕೂಲಿಗೆ ಬಂದವರು. ಆ ಹಳೆಯ ಊರಿನಲ್ಲಿ ಎಲ್ಲರ ಮನೆತನದ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತಿತ್ತಂತೆ. ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಸ್ಪೇನಿನ ಸರ್ಕಾರ ಹೆಸರುಗಳ ಪುಸ್ತಕ ಮಾಡಿಸಿ, ಊರಿಗಿಷ್ಟು ಪುಟ ಎಂದು ಹಂಚಿತ್ತು. ನಮ್ಮನ್ನು ಆಳಿದವರು ಹೆಸರು ಕೆಡಿಸಿ ಬರೆದರೇ ಹೊರತು ಹೀಗೆ ಕಿತ್ತುಕೊಂಡು ಬೇರೆ ಕೊಟ್ಟವರಲ್ಲ. ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಓದಿದೆ. ಮೊದಲು ಬಂದ ಸರದಾರರಿಗೆ ಊರಿಗೆ ಊರೇ ಕಪ್ಪ ವಸೂಲಿಗೆ ಬರೆದುಕೊಟ್ಟರು. ಗಂಡಸರನ್ನು ಬಿಟ್ಟಿ ದುಡಿಮೆಗೆ ಹಿಡಿದು ಮರ ಕಡಿಸಿ ಹಡಗು ಕಟ್ಟಿಸಿದರು. ಆ ಹಡಗಿನಲ್ಲಿ ಚೀನಾದ ರೇಷ್ಮೆ ಮೆಕ್ಸಿಕೋಗೆ ಹೋಯಿತು, ಬೆಳ್ಳಿ ಬಂತು. ಹಡಗು ಕಟ್ಟಿದವನಿಗೆ ಎರಡೂ ಸಿಗಲಿಲ್ಲ. ಸನ್ಯಾಸಿಗಳು ಒಳ್ಳೊಳ್ಳೆಯ ಭೂಮಿಗೆ ಒಡೆಯರಾದರು. ಸ್ಪೇನಿನ ಆಳ್ವಿಕೆಯ ಕೊನೆಗಾಲದಲ್ಲಿ ಹೊರದೇಶದ ವ್ಯಾಪಾರಿಗಳಿಗೆ ಬಂದರು ತೆರೆದರು. ಸಕ್ಕರೆಗೆ ಬೆಲೆ ಬಂದದ್ದೇ ನೀಗ್ರೋಸಿನಲ್ಲಿ ಕಾಡು ಕಡಿದು, ಸಣ್ಣ ರೈತರನ್ನು ಎಬ್ಬಿಸಿ, ಹಸಿಯೆಂಡಾ ಎನ್ನುವ ದೊಡ್ಡ ದೊಡ್ಡ ಎಸ್ಟೇಟು ಮಾಡಿದರು. ಅಕ್ಕಿ ಬೆಳೆಯುತ್ತಿದ್ದವರು ಸಕ್ಕರೆ ಬೆಳೆದು ಅಕ್ಕಿ ಕೊಂಡು ತಿನ್ನುವವರಾದರು. ಓದುತ್ತ ಓದುತ್ತ ಹೊಟ್ಟೆ ಉರಿಯುತ್ತಿತ್ತು. ಹತ್ತು ವರ್ಷ ಇದನ್ನೆಲ್ಲ ಒಂದು ಸಾಲಿನಲ್ಲಿ ಮುಗಿಸಿದ್ದೆನಲ್ಲ ಎಂದು ಇನ್ನೂ ಉರಿಯುತ್ತಿತ್ತು.

ಟೀಟಾ ಕೋರಿ ಹುಟ್ಟುವಾಗ ಸ್ಪೇನಿನವರು ಹೋಗಿ ಎಷ್ಟೋ ಕಾಲ ಆಗಿತ್ತು. ಆಮೇಲೆ ಬಂದ ಅಮೆರಿಕದವರೂ ಹೋಗಿದ್ದರು. ಹಸಿಯೆಂಡಾ ಹಾಗೇ ಇತ್ತು, ಅದೇ ಮನೆತನ. ಒಡೆಯನನ್ನು ಈಗಲೂ ದೋನ್ ಎಂದೇ ಕರೆಯುವುದು. ಕಬ್ಬು ಅರೆದು ಮುಗಿದು ಮುಂದಿನ ಕಟಾವು ಬರುವ ತನಕ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಆ ತಿಂಗಳುಗಳಿಗೆ ಅವರಲ್ಲಿ ಸತ್ತ ಕಾಲ ಎಂದು ಹೆಸರು. "ಆಗ ಕೋರ್ಟು, ಪೊಲೀಸು, ಪಾದ್ರಿ ಎಲ್ಲ ದೋನ್ ಕಡೆಯವರೇ. ನಮಗೆ ಕಾನೂನು ಅಂದರೆ ಒಂದೇ, ದೋನನ್ನ ಮಗುವಿಗೆ ನಿನೊಂಗ್ ಮಾಡಿಕೊಳ್ಳೋದು. ದೇವರೆದುರಿಗೆ ತಂದೆ ಆದ ಮೇಲೆ ಮಗು ಹಸಿದು ಸಾಯೋಕೆ ಬಿಡ್ತಾನಾ ಅಂತ. ನಮ್ಮಪ್ಪ ಎಲ್ಲ ಮಕ್ಕಳಿಗೂ ಅವನನ್ನೇ ಮಾಡಿದ್ದ."

"ಬಿಡಲಿಲ್ವಾ?"

"ಒಂದೊಂದು ಸಲ ಅಕ್ಕಿ ಕೊಡ್ತಿದ್ದ. ಆದರೆ ಅಪ್ಪ ಯಾವತ್ತೂ ಅವನೆದುರಿಗೆ ಬಾಯಿ ಬಿಡೋ ಹಾಗಿರಲಿಲ್ಲ. ಮಗುವಿಗೆ ನಿನೊಂಗ್ ಆದವನು ನಮಗೆ ಬೀಗರಿದ್ದ ಹಾಗೆ. ಬೀಗರ ಮೇಲೆ ಯಾರಾದರೂ ದೂರು ಕೊಡ್ತಾರಾ?"

ಪ್ರತಿ ಕ್ರಿಸ್ಮಸ್ಸಿಗೆ ಅವರಪ್ಪ ಒಂದು ಕೋಳಿ ಹಿಡಿದುಕೊಂಡು ದೋನ್ ಮನೆಗೆ ಹೋಗಿ, ಅವನ ಕೈಯನ್ನು ಹಣೆಗೆ ಒತ್ತಿಕೊಂಡು ಬರುತ್ತಿದ್ದ. ಮುದುಕನಾಗಿ ಕೈ ಸೋತ ಮೇಲೆ ಒಂದು ವರ್ಷ ದೋನ್ ಗುಡಿಸಲು ಖಾಲಿ ಮಾಡಿಸಿದ. ಆ ಕ್ರಿಸ್ಮಸ್ಸಿಗೂ ಅಪ್ಪ ಕೋಳಿ ತಂದ.

"ಯಾಕೆ?" ಅಂದೆ. ಧ್ವನಿ ಸ್ವಲ್ಪ ಜೋರಾಯಿತು.

"ನಾನು ಆ ಮನೆ ಅಡುಗೆಮನೇಲಿ ಕೆಲಸಕ್ಕಿದ್ದೆ. ಅಪ್ಪ ಕೋಳಿ ಕೊಟ್ಟಿದ್ದು ನನ್ನ ಕೈಗೇ. ನಾನೇ ಕುಯ್ದು ಬೇಯಿಸಿದೆ." ಟೀಟಾ ಹೆಂಚಿನ ಮೇಲಿನದನ್ನು ಮಗುಚಿ ಹಾಕಿದರು. "ಆ ಅಪ್ಪನ ಮೊಮ್ಮಗನೇ ರೋಮೆಲ್."

ಆಗ ನಾನು ನಮ್ಮಜ್ಜಿಯ ಕಥೆ ಹೇಳಿದೆ. ನಮ್ಮವರೂ ಗೇಣಿಗೆ ಮಾಡುತ್ತಿದ್ದವರೇ. ಆಲೆ ಆಡಿದ ಮೊದಲ ದಿನದ ಬೆಲ್ಲದಚ್ಚನ್ನು ಅಜ್ಜಿ ಹೊಸ ಬಟ್ಟೆಯಲ್ಲಿ ಸುತ್ತಿ ಧಣಿಗಳ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಉಳುವವನಿಗೇ ಭೂಮಿ ಎನ್ನುವ ಕಾನೂನು ಬಂದು ಗದ್ದೆ ನಮ್ಮ ಹೆಸರಿಗಾದ ವರ್ಷ ಹೋಗಲಿಲ್ಲ. ಧಣಿಗಳ ಮನೆಯಿಂದ ಆಳು ಬಂದು ಬೆಲ್ಲ ಯಾಕೆ ಬಂದಿಲ್ಲ ಎಂದು ಕೇಳಿದನಂತೆ. ಅಜ್ಜಿ ಅಂದಳಂತೆ, "ಈ ಸಲ ನಾವೇ ತಿಂದ್ಬುಟ್ವಿ ಅಂತ ಹೇಳಪ್ಪ." ನಾನಾಗ ತೊಟ್ಟಿಲಲ್ಲಿದ್ದೆ. ಹೇಳಿ ಹೇಳಿ ನಾನೇ ಕಣ್ಣಾರೆ ಕಂಡಂತಾಗಿದೆ.

ಟೀಟಾ ಕೋರಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಅಂದರು, "ಕಾನೂನು ನಮ್ಮಲ್ಲೂ ಬಂತು. ಹಸಿಯೆಂಡಾದ ಗೇಟಿನ ತನಕ ಬಂದು ನಿಂತುಕೊಂಡಿತು."

ಅಕ್ಟೋಬರಿನಲ್ಲಿ ಮಳೆ ಮರಳಿತು. ಕಂಪನಿಗಳೆಲ್ಲ ಜನರನ್ನು ತೆಗೆಯುತ್ತಿದ್ದ ವರ್ಷ ಅದು. ಸಮಾಮಿಶಿನ ಮನೆಮನೆಯಲ್ಲೂ ಅದೇ ಮಾತು. ಪೂಜೆಗೆ ಕರೆದರೂ ಜನ ಅರಿಶಿನ ಕುಂಕುಮದ ಜೊತೆ ನಿಮ್ಮ ಮನೆಯವರದು ಹೇಗಿದೆ ಎಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಪ್ರಕಾಶ್ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಫೋನು ಸ್ಪೀಕರಿನಲ್ಲಿ. ನಾನು ಅಲ್ಲೇ ಹುರುಳಿಕಾಯಿ ಸೋಸುತ್ತಿದ್ದೆ. ಆ ಕಡೆ ಮಾತಾಡುತ್ತಿದ್ದವನು ಇವರ ಕೈಕೆಳಗಿನ ಮ್ಯಾನೇಜರು. ಇಬ್ಬರಲ್ಲಿ ಒಬ್ಬರನ್ನು ಬಿಡಬೇಕು, ಯಾರು ಎಂದು ಅವನು ಕೇಳುತ್ತಿದ್ದ. ಕೆಲಸದಲ್ಲಿ ರೋಮೆಲ್ಲೇ ಮೇಲು ಎಂದೂ ಹೇಳಿದ.

ಪ್ರಕಾಶ್ ಒಂದು ಕ್ಷಣವೂ ತಡೆಯಲಿಲ್ಲ. "ಇನ್ನೊಬ್ಬ ಜಗಳಗಂಟ. ಲಾಯರು, ಕಂಪ್ಲೇಂಟು ಅಂತ ಶುರು ಮಾಡ್ತಾನೆ. ರೋಮೆಲ್‌ನ ಹಾಕಿ. ಅವನು ಗಲಾಟೆ ಮಾಡಲ್ಲ. ಹಿ ಈಸ್ ಫ್ಯಾಮಿಲಿ."

ಫೋನಿಟ್ಟ ಮೇಲೆ ಕೇಳಿದೆ, "ಏನ್ರೀ ಅದು? ಮಗ ಅಂತ ಮೈಕಲ್ಲಿ ಹೇಳಿದ್ರಿ."

"ಆಫೀಸ್ ವಿಷಯ ಬೇರೆ, ಅದು ಬೇರೆ."

"ಅವರಿಗೆ ಬೇರೆ ಅಲ್ಲ. ಅದಕ್ಕೇ ತಾನೇ ನಮ್ಮನ್ನ ಕರೆದಿದ್ದು?"

"ಅಯ್ಯೋ, ಒಂದು ಮದುವೆಗೆ ಗೆಸ್ಟ್ ಆಗಿ ಹೋದ್ವಿ ಸುಧಾ. ಅಷ್ಟಕ್ಕೆ ಜೀವನಪೂರ್ತಿ ಸಾಕಬೇಕಾ?"

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಅವರ ಮಟ್ಟಿಗೆ ಅದು ಶಾಲು ಇಲ್ಲದ ಇನ್ನೊಂದು ಸನ್ಮಾನ ಅಷ್ಟೇ. ಆದರೆ ಅವನು ಗಲಾಟೆ ಮಾಡುವುದಿಲ್ಲ ಎನ್ನುವುದು ಮಾತ್ರ ಇವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಾಲೂ ಓದದೆ ಮೈಸೂರಿನ ಈ ಮನುಷ್ಯ ದೋನ್ ಆಗುವುದನ್ನು ಹೇಗೆ ಕಲಿತ ಎಂದು ನಾನು ಹುರುಳಿಕಾಯಿ ಮುಂದಿಟ್ಟುಕೊಂಡು ಯೋಚಿಸುತ್ತ ಕೂತಿದ್ದೆ.

ನವೆಂಬರಿನಲ್ಲಿ ರೋಮೆಲ್ ಕೆಲಸ ಹೋಯಿತು. ಅವನದು ವೀಸಾದ ಮೇಲಿನ ಕೆಲಸ. ಎರಡು ತಿಂಗಳೊಳಗೆ ಇನ್ನೊಂದು ಹಿಡಿಯದಿದ್ದರೆ ಗಂಟುಮೂಟೆ ಕಟ್ಟಬೇಕು. ಆ್ಯನಾ ಅವನ ವೀಸಾದ ಮೇಲೇ ಇದ್ದಳು. ಫ್ರೀಮಾಂಟಿನ ಒಂದು ಆಫೀಸಿನಲ್ಲಿ ಅವನಿಗೆ ಹೊಂದುವ ಜಾಗ ಖಾಲಿಯಿತ್ತು. ಅಲ್ಲಿ ಆಳು ತೆಗೆದುಕೊಳ್ಳುತ್ತಿದ್ದವನು ಗಿರೀಶ್, ಇವರ ಮೈಸೂರಿನ ಕ್ಲಾಸ್‌ಮೇಟು. ಇವರದೊಂದು ಫೋನ್ ಸಾಕು. ಟೀಟಾ ಕೋರಿ ನನಗೆ ಹೇಳಿದರು, ನಾನು ಇವರಿಗೆ ಹೇಳಿದೆ.

"ಮಾಡ್ತೀನಿ" ಅಂದರು. ಥ್ಯಾಂಕ್ಸ್‌ಗಿವಿಂಗ್ ಕಳೆಯಲಿ ಅಂದರು. ಕೊನೆಗೆ ನಿಜ ಬಾಯಿಗೆ ಬಂತು. "ಅಷ್ಟು ಒಳ್ಳೆಯವನಾದ್ರೆ ನೀನ್ಯಾಕೆ ಬಿಟ್ಟೆ ಅಂತ ಗಿರೀಶ ಕೇಳ್ತಾನೆ. ಏನು ಹೇಳ್ಲಿ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ನಾನೇ ಗಿರೀಶನಿಗೆ ಫೋನ್ ಮಾಡಿದೆ. "ಪ್ರಕಾಶ ಒಂದು ಮಾತು ಹೇಳಲಿ ಅತ್ತಿಗೆ, ನಾಳೆನೇ ತಗೋತೀನಿ. ಅವನ ಕೈಕೆಳಗಿದ್ದ ಹುಡುಗ, ಅವನೇ ಹೇಳದಿದ್ರೆ ಹೇಗೆ?" ಅಂದ. ತಪ್ಪೇನೂ ಹೇಳಲಿಲ್ಲ.

ಕ್ರಿಸ್ಮಸ್ ದಿನ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಪ್ರಕಾಶ್ ಫೋನಿನಲ್ಲಿ ಬಾಗಿಲ ಕ್ಯಾಮೆರಾ ನೋಡಿ ಎದ್ದು ನಿಂತರು. "ರೋಮೆಲ್ ಕಣೇ. ನಾನಿಲ್ಲ ಅಂದ್ಬಿಡು" ಎಂದು ಮಹಡಿ ಹತ್ತಿದರು. ಕಾರು ಎದುರಿಗೇ ನಿಂತಿತ್ತು. ಈ ಊರಿನಲ್ಲಿ ಕಾರು ಮನೆಯಲ್ಲಿದ್ದು ಮನುಷ್ಯ ಎಲ್ಲಿಗೆ ಹೋಗುತ್ತಾನೆ?

ಬಾಗಿಲು ತೆಗೆದೆ. ರೋಮೆಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಿಯಾಯದ ಡಬ್ಬ ಹಿಡಿದು ನಿಂತಿದ್ದ. ಹಿಂದೆ ರಸ್ತೆಯ ಅಂಚಿಗೆ ಅವರ ಕಾರು. ಮಳೆಯಲ್ಲಿ ವೈಪರ್ ಆಡುತ್ತಿತ್ತು, ಒಳಗಿನಿಂದ ಟೀಟಾ ಕೋರಿ ಇಣುಕಿ ನೋಡುತ್ತಿದ್ದರು. ಡಬ್ಬ ಕಂಡ ಕೂಡಲೇ ನನಗೆ ಕೋಳಿ ಕಂಡ ಹಾಗಾಯಿತು.

ಅವನು ನನ್ನ ಕೈ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. "ಮೆರಿ ಕ್ರಿಸ್ಮಸ್, ನಿನಂಗ್. ನಿನೊಂಗ್‌ಗೆ ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ. ನನ್ನನ್ನ ಉಳಿಸೋಕೆ ಮೇಲಿನವರ ಹತ್ತಿರ ಎಷ್ಟು ಜಗಳ ಆಡಿದರು ಅಂತ ಗೊತ್ತು."

"ಯಾರು ಹೇಳಿದ್ದು?"

"ಅವರೇ. ಕೆಲಸ ಹೋದ ದಿನ ಕರೆದು ಹೇಳಿದರು. ಕಣ್ಣಲ್ಲಿ ನೀರಿತ್ತು." ಆಮೇಲೆ ಅಂದ, "ಫ್ರೀಮಾಂಟಿನ ಕಾಲ್ ಒಂದು ನೆನಪು ಮಾಡೋಣ ಅಂತಾನೂ ಬಂದೆ."

ಸುಮ್ಮನಿರಬಹುದಿತ್ತು. ಒಳಗೆ ಕರೆದು, ಕಾಫಿ ಕೊಟ್ಟು, ಇವರನ್ನು ಇಳಿಸಿ, ಹಣೆಗೆ ಕೈ ಕೊಡಿಸಿ, ಒಂದು ಫೋಟೊ ತೆಗೆದಿದ್ದರೆ ಆ ಹುಮ್ಮಸ್ಸಿನಲ್ಲಿ ಇವರು ಫೋನ್ ಮಾಡಿಬಿಡುತ್ತಿದ್ದರೋ ಏನೋ. ಇದು ನನಗೆ ಆಗಲೂ ಗೊತ್ತಿತ್ತು. ಆದರೆ ಹೊರಹಾಕಿದವನ ಮನೆಗೆ ಸಿಹಿ ಹೊತ್ತು ತಂದು, ಜಗಳ ಆಡಿದ್ದಕ್ಕೆ ಥ್ಯಾಂಕ್ಸ್ ಹೇಳುತ್ತಿರುವ ಹುಡುಗನನ್ನು ನೋಡುತ್ತ ನಿಲ್ಲುವುದು ಆಗಲಿಲ್ಲ.

"ಅವರು ಜಗಳ ಆಡಲಿಲ್ಲ, ರೋಮೆಲ್" ಅಂದೆ. "ನಿನ್ನ ಹೆಸರು ಹೇಳಿದ್ದೇ ಅವರು. ನಾನು ಪಕ್ಕದಲ್ಲೇ ಇದ್ದೆ. ನೀನು ಗಲಾಟೆ ಮಾಡಲ್ಲ ಅಂತ ನಿನ್ನನ್ನ ಆರಿಸಿದರು. ಫ್ರೀಮಾಂಟಿಗೂ ಇನ್ನೂ ಕಾಲ್ ಮಾಡಿಲ್ಲ."

ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಡಬ್ಬವನ್ನು ನೋಡಿದ, ಹಿಂತಿರುಗಿ ಕಾರನ್ನು ನೋಡಿದ. ಗಾಜಿನ ಹಿಂದೆ ಟೀಟಾ ಕೋರಿ, ಹೋಗು, ಒಳಗೆ ಹೋಗು ಎಂದು ಕೈ ಬೀಸಿದರು.

"ನಿನೊಂಗ್ ಇದಾರಾ?" ಎಂದು ಕೇಳಿದ.

"ಇದಾರೆ." ಮಹಡಿಯ ಕಡೆ ತಿರುಗಿ ಕೂಗಿದೆ. "ರೀ, ಕೆಳಗೆ ಬನ್ನಿ. ನಿಮ್ಮ ಮಗ ಬಂದಿದಾನೆ."

ಇಷ್ಟಾದ ಮೇಲೆ ಇಳಿಯದೆ ಗತಿಯಿರಲಿಲ್ಲ. ಇಳಿದರು, ಮುಖ್ಯ ಅತಿಥಿಯ ನಗು ನಕ್ಕುಕೊಂಡೇ ಇಳಿದರು. ಕೊನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಬಲಗೈ ಮುಂದೆ ಬಂದಿತ್ತು. ಮಗುಚಿಟ್ಟು, ಬೆರಳು ಸಡಿಲ ಬಿಟ್ಟು, ಸರಿಯಾದ ಎತ್ತರಕ್ಕೆ.

ರೋಮೆಲ್ ಆ ಕೈಯನ್ನು ನೋಡಿದ. ಹಿಡಿದುಕೊಂಡ. ಹಿಡಿದು, ಮೆಲ್ಲಗೆ ನೆಟ್ಟಗೆ ತಿರುಗಿಸಿ, ಆಫೀಸಿನಲ್ಲಿ ಯಾರು ಯಾರಿಗಾದರೂ ಕೊಡುವ ಹಾಗೆ ಶೇಕ್‌ಹ್ಯಾಂಡ್ ಕೊಟ್ಟ.

"ಮೆರಿ ಕ್ರಿಸ್ಮಸ್, ಪ್ರಕಾಶ್" ಅಂದ.

ಫ್ರೀಮಾಂಟಿನ ಮಾತೇ ಎತ್ತಲಿಲ್ಲ. ಡಬ್ಬವನ್ನು ನನ್ನ ಕೈಗಿಟ್ಟು, ಮಳೆಯಲ್ಲಿ ಆತುರವಿಲ್ಲದೆ ನಡೆದುಕೊಂಡು ಹೋದ. ಕಾರಿನೊಳಗೆ ಟೀಟಾ ಕೋರಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡದ್ದು ಬಾಗಿಲಿಂದಲೇ ಕಾಣಿಸಿತು. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಅಜ್ಜಿ ಪಕ್ಕದಲ್ಲಿ ನಿಂತ ಹಾಗೆ ಎದೆ ಉಬ್ಬಿತು.

"ಏನೇ ಇದು, ಹೆಸರು ಹಿಡಿದು ಕರೆದ?" ಅಂದರು ಇವರು.

"ಆಫೀಸಲ್ಲಿ ಎಲ್ಲರೂ ಹಾಗೇ ಕರೆಯೋದಲ್ವಾ?"

"ಕೊಬ್ಬು ಬಂದಿದೆ. ನಾನ್ಯಾವ ಕಾಲೂ ಮಾಡಲ್ಲ." ಸ್ವಲ್ಪ ಹೊತ್ತಿಗೆ ಡಬ್ಬ ಬಿಚ್ಚಿ, ತುಪ್ಪ ಹಾಕಿಕೊಂಡು ತಿಂದರು. ರುಚಿ ಕೆಟ್ಟಿರಲಿಲ್ಲವಂತೆ.

ಗಡುವು ಮುಗಿಯಿತು. ಜನವರಿಯಲ್ಲಿ ರೋಮೆಲ್, ಆ್ಯನಾ ವಿಮಾನ ಹತ್ತಿದರು. ನಾನು ಏರ್‌ಪೋರ್ಟಿಗೆ ಹೋಗಲೇ ಎಂದು ಕೇಳಿದ್ದಕ್ಕೆ ಟೀಟಾ ಕೋರಿ ಉತ್ತರ ಕೊಡಲಿಲ್ಲ. ಹೇಳಬಾರದಿತ್ತು, ನಿನ್ನ ಬಾಯಿಂದಲೇ ಅವನು ಹೋದ ಎಂದು ನನ್ನ ಗಂಡ ಇವತ್ತಿಗೂ ಅನ್ನುತ್ತಾರೆ. ಆ ದಿನ ಮತ್ತೆ ಬಂದರೂ ನಾನು ಹೇಳುವವಳೇ. ಆದರೆ ಗದ್ದೆ ಹೆಸರಿಗಾದ ಮೇಲಷ್ಟೇ ಮಾತಾಡಿದವಳ ಮೊಮ್ಮಗಳು ನಾನು ಎನ್ನುವುದನ್ನೂ ಮರೆತಿಲ್ಲ.

ಸಾಲು ಕರಗಿ ನನ್ನ ಸರದಿ ಬಂತು.

"ಎಷ್ಟು ಬೇಕು?" ಎಂದು ಟೀಟಾ ಕೋರಿ ಕೇಳಿದರು, ನಿನ್ನೆ ಮೊನ್ನೆ ಬಂದ ಗಿರಾಕಿಯನ್ನು ಕೇಳುವ ಹಾಗೆ.

"ಒಂದು ಡಬ್ಬ. ರೋಮೆಲ್ ಹೇಗಿದಾನೆ?"

ಅವರು ಬಿಸಿ ಪಿಯಾಯವನ್ನು ಒಂದರ ಮೇಲೊಂದು ಜೋಡಿಸುತ್ತಲೇ ಹೇಳಿದರು. ಊರಲ್ಲಿದಾನೆ. ಕಾಲ್ ಸೆಂಟರ್ ಕೆಲಸ. ರಾತ್ರಿಯೆಲ್ಲ ಅಮೆರಿಕದವರ ಫೋನಿಗೆ ಉತ್ತರ ಕೊಡುತ್ತಾನೆ. ಒಬ್ಬಳು ಮಗಳು.

"ಫೋಟೊ ಇದೆಯಾ?"

ಬೇಡ ಅಂತಾರೇನೋ ಅಂದುಕೊಂಡೆ. ಕೈ ಒರೆಸಿಕೊಂಡು ಫೋನ್ ತೆಗೆದು ತೋರಿಸಿದರು. ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ನಿಂತಿದ್ದಾರೆ. ರೋಮೆಲ್ ದಪ್ಪಗಾಗಿದ್ದಾನೆ. ಬಿಳಿ ಬಟ್ಟೆಯ ಮಗು ಇರುವುದು ಆ್ಯನಾಳ ಕೈಯಲ್ಲಲ್ಲ, ನಡುವೆ ನಿಂತಿರುವ, ಮುತ್ತಿನ ಸರ ಹಾಕಿಕೊಂಡ ಹೆಂಗಸಿನ ಕೈಯಲ್ಲಿ.

"ಇವರು ಯಾರು?"

"ಮಗುವಿನ ನಿನಂಗ್" ಅಂದರು ಟೀಟಾ ಕೋರಿ. "ಅವನ ಬಾಸಿನ ಹೆಂಡತಿ."

ಅವರು ಫೋನನ್ನು ಏಪ್ರನ್ ಜೇಬಿಗೆ ಹಾಕಿಕೊಂಡು, ಡಬ್ಬಕ್ಕೆ ದಾರ ಕಟ್ಟಿ ನನ್ನ ಕಡೆ ತಳ್ಳಿ, ಹಿಂದೆ ನಿಂತವರನ್ನು ಮುಂದೆ ಕರೆದರು.